ಫೋರ್ಡು ಕಚ್ಚಿದ ಹೆಬ್ಬೆರಳು

ಸೀತಾಂಗೋಳಿಯ ಶೆಡ್ಡಿನಲ್ಲಿ ಅಂದುಞಿಚ್ಚ
ನನ್ನ ಐಕಾನಿನ ಬಾನೆಟ್ಟು ಎತ್ತಿ
ಜ್ವರದ ಮಗುವಿನ ನಾಲಿಗೆ ನೋಡುವಂತೆ ನೋಡಿದ.
ಕೊನೆಗೆ ಹಿಂದಿನ ಸೀಟು ಕಳಚಿ, ಟ್ಯಾಂಕಿಗೆ ಕಿವಿಗೊಟ್ಟು,
"ಪೆಟ್ರೋಲ್ ಪಂಪು ಸತ್ತಿದೆ. ಒರಿಜಿನಲ್ ಸಿಗ್ಲಿಕ್ಕಿಲ್ಲ.
ಕಂಪೆನಿಯೇ ಇಲ್ಲವಲ್ಲ ಮಾರಾಯ್ರೆ" ಎಂದ.

ಕಂಪೆನಿ ಉಂಟು. ಅಮೆರಿಕದಲ್ಲಿ ಉಂಟು.
ನೀಲಿ ಮೊಟ್ಟೆಯೊಳಗೆ ಅದೇ ವಾಲಿದ ಅಕ್ಷರ,
ನೂರು ವರ್ಷ ದಾಟಿದರೂ ಅದೇ ಮನೆತನದ ಹೆಸರು.
ಇಲ್ಲಿಂದ ಮಾತ್ರ ಎದ್ದು ಹೋಯಿತು,
ಕೊರೋನದ ಎರಡನೇ ವರ್ಷ,
ಊಟಕ್ಕೆ ಕೂತವ ಫೋನು ಬಂತೆಂದು
ಎಲೆ ಮಡಚದೆ ಎದ್ದ ಹಾಗೆ.

"ಗಾಡಿ ಕಬ್ಬಿಣ," ಎನ್ನುತ್ತಾನೆ ಅಂದುಞಿಚ್ಚ,
"ಬಾಗಿಲು ಹಾಕಿ ನೋಡಿ, ಧಪ್!
ಉಳಿದದ್ದೆಲ್ಲ ಬಿಸ್ಕುಟ್ ಡಬ್ಬಿ.
ಆದರೆ ಸ್ಪೇರು ತೆಗೆಯುವಾಗ
ಹೆಂಡತಿಯ ಬಳೆ ಎಣಿಸಬೇಕು."
ಸಂಬಂಧ ಕೇಳುವಾಗ ಹೇಳುತ್ತಾರಲ್ಲ,
ಹುಡುಗ ಒಳ್ಳೆಯವನೇ, ಆದರೆ...
ಆ ಒಂದು "ಆದರೆ"ಯೊಳಗೆ
ಫೋರ್ಡು ನಮ್ಮಲ್ಲಿ ಇಪ್ಪತ್ತು ವರ್ಷ ಓಡಿತು.

ನಾನು ಬದಿಯಡ್ಕದಲ್ಲಿ ಆಧಾರ ಬರೆಯುವವಳು.
ಕಾರ್ಡಲ್ಲ, ಜಾಗದ್ದು.
ಸಹಿಗಿಂತ ಹೆಬ್ಬೆಟ್ಟು ಓದಿಯೇ ಹೆಚ್ಚು ಅಭ್ಯಾಸ.
ಅಜ್ಜ ದೂಮಪ್ಪನದ್ದು ಸಾವಿರದ ನಡುವೆಯೂ ಗುರುತು ಸಿಗುತ್ತದೆ:
ದುಂಡಗಿಲ್ಲ,
ಸವೆದ ಮುಕ್ಕಾಲಾಣೆಯ ಅರ್ಧ ತುಂಡು.

ಮದರಾಸಿನ ಕಾಲ. ಪೈವಳಿಕೆಯ ಸಾಹುಕಾರರು
ಊರಿಗೆ ಮರಳುವ ಯಾವನೋ ದೊರೆಯಿಂದ ಕೊಂಡ
ಹಳೆ ಕರಿ ಫೋರ್ಡು. ಅಜ್ಜ ಅದರ ಕ್ಲೀನರು.
ಮುಂದೆ ನಿಂತು ಹ್ಯಾಂಡಲು ತಿರುಗಿಸಬೇಕು.
ನಿಯಮ ಒಂದೇ: ಹೆಬ್ಬೆರಳು ಸುತ್ತಬಾರದು,
ಉಳಿದ ನಾಲ್ಕರ ಸಾಲಿನಲ್ಲೇ ಇರಬೇಕು.
ಒಂದು ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಮರೆತ.
ಎಂಜಿನು ಒದೆಯಿತು.
"ಫೋರ್ಡು ಕಚ್ಚಿತು" ಎನ್ನುತ್ತಿದ್ದ,
ನೆರೆಮನೆಯ ನಾಯಿಯ ಸುದ್ದಿಯಂತೆ,
ಸಿಟ್ಟಿಲ್ಲದೆ.

ಡೆಟ್ರಾಯಿಟಿನಲ್ಲಿ ಕಾರು ನಡೆದು ಬರುತ್ತದೆ, ಆಳು ನಿಂತಿರುತ್ತಾನೆ,
ಒಬ್ಬನಿಗೆ ಒಂದೇ ಬೋಲ್ಟು, ದಿನಕ್ಕೆ ಐದು ಡಾಲರು,
ಆ ಐದು ಕೊಡುವ ಮೊದಲು ಮನೆಗೇ ಬಂದು
ಕುಡಿಯುತ್ತೀಯಾ, ಉಳಿಸುತ್ತೀಯಾ ಎಂದು ಬರೆದುಕೊಳ್ಳುತ್ತಾರೆ.
ಇದೆಲ್ಲ ಓದಿದವಳು ನಾನು.
ಅಜ್ಜನಿಗೆ ಗೊತ್ತಿದ್ದದ್ದು ಇಷ್ಟೆ:
ಆ ಗಾಡಿಗೆ ಪಂಪೇ ಇಲ್ಲ,
ಪೆಟ್ರೋಲು ತಾನಾಗಿ ಇಳಿದು ಬರಬೇಕು.
ಏರು ಕಡಿದಾದರೆ ಎಂಜಿನಿನ ಬಾಯಿ ಒಣಗುತ್ತದೆ.
ಆಗ ಗಾಡಿ ತಿರುಗಿಸಿ
ರಿವರ್ಸಿನಲ್ಲಿ ಗುಡ್ಡ ಹತ್ತಬೇಕು.

ಹತ್ತುತ್ತಿದ್ದರಂತೆ.
ಸಾಹುಕಾರರು, ಅವರ ಕೊಡೆ, ಅಜ್ಜ ಫುಟ್‌ಬೋರ್ಡಿನಲ್ಲಿ,
ಮೂವರ ಮುಖವೂ ಬಿಟ್ಟು ಬಂದ ಕಡೆಗೆ:
ಮುರಕಲ್ಲಿನ ಮೈದಾನ, ಅದರಾಚೆ ಗೆರೆಯಷ್ಟು ಕಡಲು.
ಎಲ್ಲಿಗೆ ಹೋಗುತ್ತಿದ್ದೇವೆಂದು
ಬೆನ್ನಿಗೆ ಮಾತ್ರ ಗೊತ್ತು.

ಐವತ್ತಾರರ ನವೆಂಬರಿನಲ್ಲಿ ಅಜ್ಜ ಎದ್ದದ್ದು
ಮಲಗಿದ ಚಾಪೆಯಿಂದಲೇ. ತಾಲೂಕು ಹೋಗಿತ್ತು.
ನನ್ನ ಕಪಾಟಿನಲ್ಲಿ ಅವನ ಎರಡು ಆಧಾರ ಉಂಟು:
ಒಂದರಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ದುಂಡು ಕನ್ನಡ,
ಇನ್ನೊಂದರ ಮೊಹರು ಮಲಯಾಳ.
ಎರಡರ ಅಡಿಗೂ ಅದೇ ಅರ್ಧ ಕಾಸು.

ಸಂಜೆಗೆ ಅಂದುಞಿಚ್ಚ ಉಪ್ಪಳದ ಗುಜರಿಯಿಂದ
ಬೇರೆ ಯಾವುದೋ ಕಂಪೆನಿಯ ಪಂಪು ತಂದ.
ಕಿವಿ ಕೊಯ್ದ, ಕ್ಲಿಪ್ಪು ಬೆಸೆದ, ಬೈದ, ಕೂರಿಸಿದ.
"ಇದರ ಜಾತಿ ಕೇಳಬೇಡಿ. ಓಡಿದರೆ ಸಾಕಲ್ಲ?"
ಓಡಿತು.

ಬೇಳದ ಏರಿನಲ್ಲಿ ಎರಡನೇ ಗೇರು,
ಮುಖ ಮುಂದಕ್ಕೇ.
ಕನ್ನಡಿಯಲ್ಲಿ ಶೆಡ್ಡು, ಆಮೇಲೆ ಬರೀ ಕೆಂಪು ಧೂಳು.
ಸ್ಟೇರಿಂಗಿನ ಮೇಲೆ ನನ್ನ ಕೈ ನೋಡಿದೆ.
ಐದು ಬೆರಳೂ ಒಂದೇ ಸಾಲಿನಲ್ಲಿ.
ಯಾರೂ ಕಲಿಸಿದ್ದಲ್ಲ. ಇದುವರೆಗೂ ನಾನು
ಯಾವುದಕ್ಕೂ ಹೆಬ್ಬೆರಳು ಸುತ್ತಿಲ್ಲ.