ಸ್ಟಿಲ್

ಐಲಾ ದ್ವೀಪದ ವಿಸ್ಕಿ ಭಟ್ಟಿಯಲ್ಲಿ
ತಾಮ್ರದ ಹಂಡೆಗೆ ಹೆಸರು ಸ್ಟಿಲ್.
ಮೂವತ್ತೊಂದು ವರ್ಷ ಅದರ ಕೊರಳು ಉಜ್ಜಿದವನು ಲ್ಯಾಕ್ಲನ್.
ಗಾಳಿ ಬಿದ್ದ ಸಂಜೆ ಕಡಲೂ ಸ್ಟಿಲ್,
ಎನ್ನುತ್ತ ದೋಣಿಯವರು ಪೈಪಿಗೆ ಹೊಗೆಸೊಪ್ಪು ತುಂಬುತ್ತಾರೆ.

ಇಶ್‌ಬೆಲ್ ಮಾತ್ರ ಆ ಪದವನ್ನು
ಬಾಯಿಗೆ ತಂದುಕೊಳ್ಳುವುದಿಲ್ಲ.
ಆಸ್ಪತ್ರೆಯ ಕಾಗದದಲ್ಲಿ ಅದು
ಹುಟ್ಟು ಎಂಬುದಕ್ಕೆ ಅಂಟಿಕೊಂಡು ಬಂದಿತ್ತು,
ನಡುವೆ ಒಂದು ಉಸಿರಿಗೂ ಜಾಗ ಬಿಡದೆ.
ಲ್ಯಾಕ್ಲನ್ ತೊಟ್ಟಿಲು ಬಿಚ್ಚಿ
ಕೋಳಿಗೂಡಿಗೆ ಬಾಗಿಲು ಮಾಡಿದ.
ಯಾರೂ ಏನೂ ಕೇಳಲಿಲ್ಲ.

ಮೊನ್ನೆ ಕರೆಂಟು ಹೋಯಿತು. ಕತ್ತಲಲ್ಲಿ
"ಎಚ್ಚರವಿದ್ದೀಯಾ ಇನ್ನೂ?" ಎಂದ.
ಆ ಇನ್ನೂಗೂ ಅವರಲ್ಲಿ ಅದೇ ಪದ.
ನಾಲಿಗೆ ಕಚ್ಚಿಕೊಂಡ.

ಅವಳು ತುಸು ತಡೆದು
ಅದನ್ನೇ ಮರಳಿ ಹೇಳಿದಳು,
ಸ್ಟಿಲ್,
ಕಾಲ ಬಳಿಯ ಬಿಸಿನೀರ ಚೀಲವನ್ನು
ಅವನತ್ತ ತಳ್ಳುತ್ತ.