ಹೆಪ್ಪು

ಅವಳ ಮನೆಗೆ ಪೊಲೀಸರು ಅರಗಿನ ಮುದ್ರೆ ಹಾಕಿದ್ದರಿಂದ
ಟೀವಿಯವರು ನಮ್ಮ ಅಡುಗೆಮನೆ ಕೇಳಿದರು.
ಗುತ್ತಲು ರಸ್ತೆಯ ನಮ್ಮ ಸಾಲಿನಲ್ಲಿ ಎಲ್ಲ ಮನೆಗೂ ಒಂದೇ ನಕ್ಷೆ,
ಒಬ್ಬನೇ ಮೇಸ್ತ್ರಿ ಕಟ್ಟಿದ್ದು:
ಬಲಕ್ಕೆ ಸಿಂಕು, ಎಡಕ್ಕೆ ದೇವರ ಗೂಡು,
ನಡುವೆ ಒಲೆ.
ದಿನಕ್ಕೆ ನಾಲ್ಕು ಸಾವಿರ. ನಮ್ಮವರು ಹೂಂ ಅಂದರು.
ನಾನೂ ಬೇಡವೆನ್ನಲಿಲ್ಲ, ಅದನ್ನಿಲ್ಲಿ ಹೇಳಿಬಿಡಬೇಕು.

ಜಯಶೀಲಳ ಪಾತ್ರಕ್ಕೆ ಮೈಸೂರಿಂದ ಬಂದವಳು
ಸಣ್ಣ ಹುಡುಗಿ, ಮದುವೆಯಾಗಿರಲಿಲ್ಲ.
"ಅಕ್ಕಾ, ಹಾಲು ಸುಡುತ್ತೋ ಇಲ್ಲವೋ ಹೇಗೆ ನೋಡ್ತೀರ?"
ತೋರಿಸಿದೆ. ಕಿರುಬೆರಳು ಅದ್ದಿ,
ಒಂದು ತೊಟ್ಟು ಮಣಿಕಟ್ಟಿನ ಒಳಮೈಗೆ ಬಿಟ್ಟು,
ಚಮಚ ಎರಡು ಸುತ್ತು ತಿರುಗಿಸಿ
ಲೋಟದ ಅಂಚಿಗೆ ಟಣ್ ಎಂದು ತಟ್ಟಿ.
ನಾಲ್ಕು ಸಲಕ್ಕೆ ಕಲಿತಳು. ಜಾಣೆ.
ಮಧ್ಯಾಹ್ನ ನಮ್ಮಲ್ಲೇ ಮುದ್ದೆ ಉಂಡಳು,
ಬಸ್ಸಾರು ಎರಡನೇ ಸಲ ಹಾಕಿಸಿಕೊಂಡಳು.

ನಿನ್ನೆ ರಾತ್ರಿ ಒಂಬತ್ತೂವರೆಗೆ ಬಂತು.
ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡು ಕೂತಿತ್ತು.
ನೀಲಿ ಬೆಳಕಿನಲ್ಲಿ ನನ್ನ ಒಲೆ,
ನನ್ನ ಗೂಡಿನ ದೇವರು,
ನನ್ನ ಕಿರುಬೆರಳು, ಆ ಹುಡುಗಿಯ ಕೈಯಲ್ಲಿ,
ಹಾಲಿನೊಳಕ್ಕೆ ಇಳಿಯುತ್ತದೆ, ನಿಧಾನ, ನಿಧಾನ,
ಹಿಂದೆ ಯಾರೋ ಪಿಟೀಲಿನ ಒಂದೇ ತಂತಿ ಉಜ್ಜುತ್ತಿದ್ದಾರೆ.
ಟಣ್.
ಆ ಸದ್ದನ್ನು ಮೂರು ಸಲ ಕೇಳಿಸಿದರು.
ನಿರೂಪಕನ ಗಂಟಲು:
"ಹೆತ್ತ ಕೈಯೇ..."
ಅಷ್ಟು ಹೇಳಿ ಜಾಹೀರಾತು.

ಅವ್ವ ಕೊಟ್ಟ ಹಾಲಿನ ಪಾತ್ರೆಯ ಮೇಲೆ
ಹೆಸರು ಕೊರೆಸಿದೆ: ನಿಂಗಾಜಮ್ಮ, ಕೊತ್ತತ್ತಿ.
ಅದನ್ನು ಮಸುಕು ಮಾಡಿದ್ದರು,
ತೀರಿಹೋದ ಮಕ್ಕಳ ಮುಖಕ್ಕೆ ಮಾಡಿದ ಹಾಗೆಯೇ.
"ಹೇ, ನಮ್ಮನೆ!" ಎಂದು ಚಪ್ಪಾಳೆ ಹೊಡೆದ ಚಿಕ್ಕವನು
ಆಮೇಲೆ ಸುಮ್ಮನಾದ.

ಅವರು ತೋರಿಸದ್ದು ಒಂದಿದೆ.
ಆ ರಾತ್ರಿ ಎಂಟೂಮುಕ್ಕಾಲಿಗೆ ಹಿತ್ತಿಲ ಬಾಗಿಲಲ್ಲಿ ಜಯಶೀಲ,
ಕೈಯಲ್ಲಿ ಸಣ್ಣ ಬಟ್ಟಲು.
"ಕಲಕ್ಕಾ, ಒಂಚೂರು ಹೆಪ್ಪು ಕೊಡಿ,
ಮೊಸರೆಲ್ಲಾ ಖಾಲಿ ಮಾಡವ್ರೆ,
ನಾಳೆ ಡಬ್ಬಿಗೆ ಮೊಸರನ್ನವೇ ಬೇಕಂತೆ ಇವಕ್ಕೆ."
ಕೊಟ್ಟೆ. ಒಂದು ಚಮಚ.
ಬೆಳಗಾಗುವುದಿಲ್ಲ ಎಂದು ಗೊತ್ತಿದ್ದವಳು
ಹೆಪ್ಪು ಕೇಳುತ್ತಾಳೆಯೆ?

ಪೇದೆಗೆ ಹೇಳಿದೆ.
"ಹೆಪ್ಪು" ಎಂದು ಬರೆದು, ಪೆನ್ನು ನಿಲ್ಲಿಸಿ, "ಆಮೇಲೆ?" ಅಂದ.
ಆಮೇಲೇನೂ ಇಲ್ಲ.
ಟೀವಿಯ ನಿರ್ದೇಶಕನಿಗೂ ಹೇಳಿದೆ.
"ಮೇಡಂ, ಹಾಲು ಹೆಪ್ಪಾಗೋದು ಕ್ಯಾಮೆರಾಕ್ಕೆ ಸಿಗಲ್ಲ."
ನಿಜ. ಯಾರು ಕಂಡಿದ್ದಾರೆ ಅದನ್ನು,
ರಾತ್ರಿಯಿಡೀ ಕಣ್ಣು ಬಿಟ್ಟು ಕೂತರೂ.

ನನಗೂ ಪೂರ್ತಿ ಧೈರ್ಯವಿಲ್ಲ.
ಆಂಬುಲೆನ್ಸು ಹೋದಮೇಲೆ, ಪೊಲೀಸರು ಬರುವ ಮುಂಚೆ,
ಅವಳ ಅಡುಗೆಮನೆಗೆ ಹೋಗಿದ್ದೆ.
ಮೊಸರು ಗಟ್ಟಿಯಾಗಿ ಕೂತಿತ್ತು,
ತಟ್ಟೆ ಮುಚ್ಚಿ, ಮೇಲೊಂದು ಗುಂಡುಕಲ್ಲು, ಬೆಕ್ಕಿಗೆ ಸಿಗದ ಹಾಗೆ.
ಪಕ್ಕದಲ್ಲಿ ಎರಡು ಲೋಟ, ತೊಳೆದು ಬೋರಲು ಹಾಕಿದ್ದು.
ತೊಳೆದದ್ದು.
ನಾನೂ ತೊಳೆದೇ ಮಲಗುವುದು.
ಕೈಗೆ ಅದರದೇ ನೆನಪಿರುತ್ತದೆ,
ಮನಸ್ಸು ಎಲ್ಲಿಗೆ ಹೋಗಿದ್ದರೂ.

ಪ್ರಯೋಗಾಲಯದ ವರದಿ ಇನ್ನೂ ಬಂದಿಲ್ಲ.
ಅವಳು ಮೈಸೂರು ಜೈಲಿನಲ್ಲಿ.
ಅಲ್ಲಿ ಮೊಸರು ಕೊಡುತ್ತಾರೋ ಇಲ್ಲವೋ.

ಇವತ್ತು ಎದುರುಮನೆ ಪುಟ್ಟಲಿಂಗಮ್ಮ ಕಾಫಿ ಬೇಡವೆಂದರು.
"ಈಗ ಕುಡ್ದೆ ಕಣವ್ವ."
ಕಣ್ಣು ಲೋಟದ ಮೇಲೆ.

ರಾತ್ರಿ ಹಾಲಿಗೆ ಬೆರಳು ಅದ್ದಲು ಹೋಗಿ ಹಿಂತೆಗೆದೆ,
ಚಮಚ ಸದ್ದಾಗದಂತೆ ಕೆಳಗಿಟ್ಟೆ.
ಚಿಕ್ಕವನು ಲೋಟದೊಳಗೆ ಇಣುಕಿದ,
ನನ್ನ ಮುಖ ನೋಡಿದ.
"ಮೊದ್ಲು ನೀನು ಕುಡಿಯಮ್ಮ."

ಕುಡಿದೆ.
ಸಕ್ಕರೆ ಹಾಕುವುದನ್ನೇ ಮರೆತಿದ್ದೆ.