ಹನ್ನೊಂದನೆಯ ಕಲಮು

ಹತ್ತು ಸಾಲದೆಂದು ಹನ್ನೊಂದನೆಯದನ್ನು ಬರೆದವನು ನಾನೇ.
ಬೆಟಗೇರಿಯಲ್ಲಿ ನಮ್ಮ ಸಭೆಯ ಕಾರ್ಯದರ್ಶಿ,
ದಪ್ಪ ಕನ್ನಡಕ, ಹಸಿರು ಶಾಯಿಯ ಸಹಿ.
ಕುಂಕುಮ ಬೇಡ, ಹಸಿರು ಬಳೆ ಬೇಡ,
ಹೊಸ್ತಿಲಿಗೆ ರಂಗೋಲಿ ಬೇಡ,
ಮಂಗಳವಾರ ಕ್ಷೌರ ಬೇಡ ಅನ್ನುವುದೂ ಬೇಡ.
ಕಲಮು ಹನ್ನೊಂದು: ಅನ್ಯರ ಹಬ್ಬದ ತಿನಿಸು
ಸಭಿಕರ ನಾಲಿಗೆಗೆ ತಾಕಕೂಡದು.
ಹಲಗೆಗೆ ಹಚ್ಚಿ ನಾಲ್ಕು ಮೂಲೆಗೆ ನಾಲ್ಕು ಮೊಳೆ ಹೊಡೆದೆ.
ಹೊಡೆಯುವಾಗ ಯಾವುದೋ ಮರ, ಯಾವುದೋ ಮೊಳೆ
ನೆನಪಾಗಬೇಕಿತ್ತು.
ಆಗಲಿಲ್ಲ. ಊಟದ ಹೊತ್ತಾಗಿತ್ತು.

ಅದೇ ವಾರ ಪಂಚಮಿ.
ಓಣಿಯ ಮಗ್ಗಗಳೆಲ್ಲ ಗಪ್‌ಚಿಪ್,
ಬೇವಿನ ಟೊಂಗೆಗೆ ಜೋಕಾಲಿಯ ಜೀಕು.
ಬನಶೆಂಕ್ರವ್ವ ಬಂದಳು, ಸೆರಗಿನಡಿ ಸ್ಟೀಲಿನ ಡಬ್ಬಿ:
ಶೇಂಗಾ ಉಂಡಿ, ಎಳ್ಳುಂಡಿ, ಒಂದು ಪೊಟ್ಟಣ ಅಳ್ಳಿಟ್ಟು.
‘ತಗೋ ರೂತವ್ವಾ,
ನಾಗಪ್ಪಗ ಹಾಲೆರದ ಮ್ಯಾಲೆ ಮೊದಲ ಪಾಲು ನಿಂದಽ.’
ನಲವತ್ತು ವರ್ಷದಿಂದ ಅದೇ ಮಾತು,
ಅದೇ ಡಬ್ಬಿ, ಮುಚ್ಚಳಕ್ಕೆ ಅದೇ ತಗ್ಗು.

ಒಳಗೆ ಕೂತಿದ್ದ ಒನೇಸಿಮ.
ದೀಕ್ಷಾಸ್ನಾನವಾಗಿ ಆರು ತಿಂಗಳು, ಅದಕ್ಕೆ ಮೊದಲು ಫಕೀರಪ್ಪ.
ಮುಳಗುಂದದ ಕಡೆಯವನು, ಮನೆ ಬಿಟ್ಟವನು,
ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗುವವನು.
ಮುಚ್ಚಳ ತೆರೆದದ್ದೇ ತಡ,
ಹುತ್ತದ ಬಾಯಲ್ಲಿ ಕೈಯಿಟ್ಟವನ ಮುಖ.
ಹೆದರಿಕೆಯೋ, ಎಳ್ಳಿನ ಘಮಕ್ಕೆ ಎದ್ದು ಬಂದ ತಾಯಿಯೋ,
ನನಗೆ ಗೊತ್ತಾಗಲಿಲ್ಲ.
ಅವ್ವನಿಗೆ ಎರಡೂ ಗೊತ್ತಾಯಿತು.
ತುಟಿಯ ತನಕ ಬಂದ ಉಂಡಿಯನ್ನು
ಹಾಗೇ ಡಬ್ಬಿಗಿಟ್ಟಳು.

‘ನೋಡಬೇ, ನಿಯಮ ಅಂದ್ರ ನಿಯಮ’ ಎಂದೆ, ಎದೆಯುಬ್ಬಿಸಿ.
ಅವ್ವ ತಿರುಗಿದಳು.
ಕುಣಿಮಗ್ಗದಿಂದ ತಲೆಯೆತ್ತಿ
ಸುಳ್ಳು ಗಿರಾಕಿಯನ್ನು ಅಳೆಯುತ್ತಿದ್ದ ಅದೇ ನೋಟ.
‘ನಿನ್ನ ಕಲಮಿಗಲ್ಲೋ ತಮ್ಮಾ, ಈ ಹುಡುಗನ ಕಣ್ಣಿಗೆ.
ತಿನ್ನೂದೂ ನನ್ನ ಕೈಯಾಗೈತಿ, ಬಿಡೂದೂ ನನ್ನ ಕೈಯಾಗೈತಿ.
ಕೈಗೆ ಬೇಡಿ ಹಾಕಿ, ಬಿಟ್ಟುಕೊಡು ಅಂದ್ರ
ಏನಂತ ಬಿಟ್ಟುಕೊಡ್ಲಿ?’

ನಮ್ಮ ಮುತ್ತ್ಯಾ ನೀರಿಗಿಳಿದ ದಿನ
ಕೊರಳ ದಾರ ಬಿಚ್ಚಿದನಂತೆ.
ಬಾವಿಗೆ ಎಸೆಯಲಿಲ್ಲ, ಒಲೆಗೆ ಇಡಲಿಲ್ಲ.
ಮಗ್ಗದಲ್ಲಿ ಹಾಸಿನ ಎಳೆಯೊಂದು ಹರಿದಿತ್ತು,
ಅದಕ್ಕೇ ಗಂಟು ಹಾಕಿ ಲಾಳಿ ಹೊಡೆದನಂತೆ.
ಸೀರೆಯಾಗಿ ಹೋಯಿತು ಆ ದಾರ,
ಯಾವ ಊರಿನ ಯಾವ ಹೆಣ್ಣಿನ ಮೈಗೋ.
ಮೂರನೆಯ ತಲೆಯ ನಾನು
ಅದನ್ನೇ ಹುಡುಕಿ ತಂದವನ ಹಾಗೆ
ಮತ್ತೆ ಹೊಸೆದಿದ್ದೆ, ಕ್ರಮಸಂಖ್ಯೆ ಹಾಕಿ.

ಸಂಜೆ ಉಂಡಿಗಳನ್ನು ಬೋಗುಣಿಗೆ ಸುರಿದು
ಡಬ್ಬಿ ತೊಳೆದಳು. ಬರಿದು ಕಳಿಸಲಿಲ್ಲ,
ಒಂದು ಹಿಡಿ ಸಕ್ಕರೆ ಹಾಕಿದಳು.
‘ಇದ್ಯಾವ ಶಾಸ್ತ್ರಬೇ?’ ಅಂದೆ, ಸಿಕ್ಕಿಬಿದ್ದಳೆಂದು.
‘ಶಾಸ್ತ್ರ ಅಲ್ಲಪಾ. ಓಣಿ.’

ರಾತ್ರಿ, ದೀಪ ಆರಿದ ಮೇಲೆ, ಪಡಸಾಲೆಯಲ್ಲಿ ಸಪ್ಪಳ.
ಇಲಿ ಅಂದುಕೊಂಡೆ.
ಇಲಿಗೆ ಅಷ್ಟು ಸಂಕೋಚ ಇರುವುದಿಲ್ಲ.
ಶೇಂಗಾ ಉಂಡಿ ಗಟ್ಟಿ.
ಮೊದಲು ಎಳೆಯ ಹಲ್ಲು, ಒಮ್ಮೆ, ತಡೆದು ಮತ್ತೊಮ್ಮೆ.
ಬಹಳ ಹೊತ್ತು ಏನೂ ಇಲ್ಲ, ಯಾರೋ ಮೂಗೊರೆಸಿಕೊಂಡದ್ದು ಬಿಟ್ಟರೆ.
ಆಮೇಲೆ, ಅಷ್ಟು ಹೊತ್ತು ಕಾದಿದ್ದ
ಅವ್ವನ ಉಳಿದ ಮೂರು ಹಲ್ಲು.

ಮುಸುಕೆಳೆದುಕೊಂಡೆ.
ಕಾರ್ಯದರ್ಶಿಯ ಬಾಯಲ್ಲಿ ನೀರು.